ಪಡಸಾಲೆಯ ಮಂಚ: ಹಳೆಯ ಗೃಹೋಪಕರಣದ ಆಯ್ಕೆಯಲ್ಲಿ ಇತಿಹಾಸದೃಷ್ಟಿ

ಶಾಸನ, ನಾಣ್ಯ, ದೇವಾಲಯಗಳನ್ನು ಇತಿಹಾಸದ ಆಕರಗಳೆಂದು ನಾವು ಒಪ್ಪಿದ್ದೇವೆ. ಮನೆಯ ಪಡಸಾಲೆಯಲ್ಲಿ ಹಗಲು ಕುಳಿತುಕೊಳ್ಳಲೂ ಮಧ್ಯಾಹ್ನ ಒರಗಿಕೊಳ್ಳಲೂ ಬಳಸುವ ಮಂಚಕ್ಕೆ ಆ ಗೌರವ ಇನ್ನೂ ದೊರೆತಿಲ್ಲ. ಆದರೂ ಹಳೆಯ ಮಂಚವನ್ನು ಕೊಂಡು ಮನೆಯಲ್ಲಿಡುವ ಅಭಿರುಚಿ ಈಚೆಗೆ ನಮ್ಮ ನಗರಗಳಲ್ಲಿ ಬೆಳೆಯುತ್ತಿದೆ. ಕೊಳ್ಳುವವನು ಅರಿತೋ ಅರಿಯದೆಯೋ ಇತಿಹಾಸಕಾರನ ಕೆಲಸವನ್ನೇ ಮಾಡುತ್ತಾನೆ. ಎದುರಿಗಿರುವ ವಸ್ತು ಯಾವ ಕಾಲದ್ದು, ಯಾವ ಸ್ಥಳದ್ದು, ನಿಜವಾದುದೇ ಎಂದು ನಿರ್ಣಯಿಸಬೇಕಾಗುತ್ತದೆ. ಆ ನಿರ್ಣಯಕ್ಕೆ ನೆರವಾಗುವ ಕೆಲವು ಸಂಗತಿಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮಂಚದ ಆಯ್ಕೆಯನ್ನು ನಮ್ಮ ಪೂರ್ವಿಕರು ಕ್ಷುಲ್ಲಕವೆಂದು ಎಣಿಸಿರಲಿಲ್ಲ. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಶಯ್ಯೆ ಮತ್ತು ಆಸನಗಳ ಲಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ತೇಗ, ಚಂದನ, ದೇವದಾರು ಮೊದಲಾದ ಮರಗಳನ್ನು ಹೊಗಳಿ, ಸಿಡಿಲು ಬಡಿದ ಮರವನ್ನೂ ಜೇನುಗೂಡು, ಹಕ್ಕಿಗೂಡುಗಳಿದ್ದ ಮರವನ್ನೂ ಬಿಡಬೇಕೆನ್ನುತ್ತಾನೆ. ಅರಸನ ಶಯ್ಯೆಗೆ 100 ಅಂಗುಲ, ರಾಜಕುಮಾರನಿಗೆ 90, ಮಂತ್ರಿಗೆ 84 ಎಂದು ಅಳತೆಯನ್ನು ಪದವಿಗೆ ತಕ್ಕಂತೆ ಇಳಿಸುತ್ತಾನೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಅರಸನ 20 ಉಪಭೋಗಗಳಲ್ಲಿ ಆಸನ, ಶಯ್ಯೆಗಳೆರಡನ್ನೂ ಸೇರಿಸಿದೆ. ಇನ್ನು ಬಾದಾಮಿಯ 3ನೆಯ ಗುಹೆಯಲ್ಲಿ (ಕ್ರಿ.ಶ. 578) ಅಳಿದುಳಿದ ವರ್ಣಚಿತ್ರಗಳ ನಡುವೆ ವಿರಾಮವಾಗಿ ಕುಳಿತ ರಾಜಪುರುಷನೊಬ್ಬನಿದ್ದಾನೆ. ವಿದ್ವಾಂಸರಾದ ಸಿ. ಶಿವರಾಮಮೂರ್ತಿಯವರು ಅವನನ್ನು ಕೀರ್ತಿವರ್ಮನೆಂದು ಗುರುತಿಸಿದ್ದಾರೆ. ಕುಳಿತುಕೊಳ್ಳುವ ಭಂಗಿಯೇ ಅಧಿಕಾರದ ಚಿಹ್ನೆಯಾಗಿದ್ದ ಕಾಲವದು.

ಶಬ್ದಗಳೂ ಇದೇ ಕಥೆಯನ್ನು ಹೇಳುತ್ತವೆ. ಪಲ್ಲಂಗವೆಂಬುದು ಸಂಸ್ಕೃತದ ಪರ್ಯಂಕದಿಂದ ಬಂದಿತು. ಪಾಶ್ಚಾತ್ಯರ ‘ಪ್ಯಾಲಂಕ್ವಿನ್’ ಸಹ ಅದೇ ಮೂಲದ್ದು. ಖಟ್ವಾ ಎಂಬುದು ಹಿಂದಿಯ ಖಾಟ್ ಆಗಿ, ಇಂಗ್ಲಿಷರ ಬಾಯಲ್ಲಿ ಕಾಟ್ ಆಯಿತು. ದಿವಾನ್ ಎಂಬ ಪಾರಸಿ ಶಬ್ದ ಮೊದಲು ರಾಜಸಭೆಯನ್ನು ಸೂಚಿಸುತ್ತಿದ್ದು, ಮುಂದೆ ಸಭೆಯಲ್ಲಿ ಒರಗಿ ಕೂಡುವ ಪೀಠಕ್ಕೂ ಸಂದಿತು. ನಮ್ಮ ಬಯಲುಸೀಮೆಯ ರೈತನ ಹೊರಸಾದರೋ ಯಾವ ಆಸ್ಥಾನದ ಹಂಗೂ ಇಲ್ಲದೆ ಹಗ್ಗ ಮತ್ತು ನಾಲ್ಕು ಕಾಲುಗಳಿಂದಲೇ ಬಾಳಿ ಬಂದಿತು. ಅರಮನೆಯ ಪಲ್ಲಂಗಕ್ಕೂ ರೈತನ ಹೊರಸಿಗೂ ನಡುವೆ ನಿಂತದ್ದು ವರ್ತಕ, ವಕೀಲ, ಗೌಡ, ದೇಸಾಯಿಗಳ ಪಡಸಾಲೆಯ ಮಂಚ. ಗಾದಿ ಹಾಸಿ, ಲೋಡು ಇಟ್ಟು, ಬಂದವರೊಡನೆ ವ್ಯವಹಾರ ಮಾತಾಡುವ ಪೀಠವದು.

ಈ ಬಗೆಯ ವಸ್ತುಗಳ ಪ್ರಶ್ನೆ ಬಾಗಲಕೋಟೆಯಲ್ಲಿ ಉಳಿದೆಡೆಗಿಂತ ತೀಕ್ಷ್ಣವಾಗಿದೆ. 1964ರ ಮೇ 22ರಂದು ಲಾಲ್ ಬಹದ್ದೂರ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಅನುಮತಿಯಿತ್ತಿತು. ಘಟಪ್ರಭೆಯ ದಂಡೆಯ ಹಳೆಯ ಊರಿನ ತಗ್ಗಿನ ಓಣಿಗಳು ಹಿನ್ನೀರಿಗೆ ಸಂದವು. ಜನರು ಚಾರ್ಲ್ಸ್ ಕೊರಿಯಾರವರ ಯೋಜನೆಯಂತೆ ರೂಪುಗೊಂಡ ನವನಗರಕ್ಕೂ ಎತ್ತರದಲ್ಲಿರುವ ವಿದ್ಯಾಗಿರಿಗೂ ಬಂದು ನೆಲೆಸಿದರು. ಮನೆಯೊಂದನ್ನು ಬಿಚ್ಚುವಾಗ ಕಂಬ, ತೊಲೆ, ಬಾಗಿಲುಗಳೊಡನೆ ಮಂಚವೂ ಹೊರಬೀಳುತ್ತದೆ. ಹೊಸ ಮನೆಯ ಕಿರಿದಾದ ಕೋಣೆಯಲ್ಲಿ ಎಡೆಯಿಲ್ಲದಾಗ ಅದು ಮಾರಾಟಕ್ಕೆ ಸಲ್ಲುತ್ತದೆ. ಮಾರಿದ ಕ್ಷಣದಲ್ಲಿ ಯಾರ ಮನೆ, ಯಾವ ಓಣಿ ಎಂಬ ಸಂಬಂಧ ಕಡಿದು ಹೋಗುತ್ತದೆ. ಮರ ಉಳಿಯುತ್ತದೆ, ಆಕರ ಅಳಿಯುತ್ತದೆ.

ಆದುದರಿಂದ ಆಯ್ಕೆಯಲ್ಲಿ ಮೊದಲನೆಯದು ಬಾಹ್ಯ ವಿಮರ್ಶೆ. ಮರದ ವಯಸ್ಸು ಬೇರೆ, ಮಂಚದ ವಯಸ್ಸು ಬೇರೆ ಎಂಬುದನ್ನು ಮರೆಯಬಾರದು. ಹಳೆಯ ತೊಲೆಯನ್ನು ಸೀಳಿ ನಿನ್ನೆ ಮಾಡಿದ ಮಂಚವೂ ಹಳೆಯ ಮರದ್ದೇ ಆಗಿರುತ್ತದೆ. ಪಟ್ಟಿಯ ಮೇಲೆ ಅಲ್ಲಿ ಪ್ರಯೋಜನವಿಲ್ಲದ ತೂತುಗಳಿದ್ದರೆ, ಒಂದು ಬದಿಗೆ ಮಾತ್ರ ಹೊಗೆಯ ಕಪ್ಪು ಇದ್ದರೆ, ಆ ಮರವು ಬೇರೆ ಕೆಲಸ ಮಾಡಿ ಬಂದುದೆಂದು ತಿಳಿಯಬೇಕು. ಅಡಿಭಾಗವನ್ನು ತಿರುಗಿಸಿ ನೋಡುವುದು ಅವಶ್ಯ. ಕೈಗರಗಸದ ಗುರುತುಗಳು ನೇರವಾಗಿದ್ದು ಸಮವಾಗಿರುವುದಿಲ್ಲ. ಯಂತ್ರದ ದುಂಡು ಗರಗಸದ ಗುರುತುಗಳು ಬಿಲ್ಲಿನಂತೆ ಬಾಗಿರುತ್ತವೆ. ಕಮ್ಮಾರನು ಬಡಿದು ಮಾಡಿದ ಮೊಳೆಯ ತಲೆ ಒಂದರಂತೆ ಒಂದಿರುವುದಿಲ್ಲ. ಕಾರ್ಖಾನೆಯ ತಂತಿಮೊಳೆ ದುಂಡಗೆ ಏಕರೂಪವಾಗಿರುತ್ತದೆ.

ಎರಡನೆಯದು ಆಂತರಿಕ ವಿಮರ್ಶೆ. ಸವೆತವು ಬಳಕೆಗೆ ಒಪ್ಪುವಂತಿದೆಯೇ ಎಂದು ಕೇಳಬೇಕು. ಕುಳಿತವನ ತೊಡೆ ತಾಗುವ ಮುಂದಿನ ಪಟ್ಟಿ, ಕೈಯೂರುವ ಅಂಚು, ನೆಲ ತಾಗುವ ಕಾಲಿನ ತುದಿ ಸವೆದಿರುವುದು ಸಹಜ. ಎಲ್ಲೆಡೆಯೂ ಸಮನಾಗಿ ಸವೆದಂತೆ ಕಾಣುವ ಮಂಚ ಸಂಶಯಾಸ್ಪದ. ಪಟ್ಟಿಯ ಒಳ ಅಂಚಿನಲ್ಲಿ ಸಾಲು ತೂತುಗಳಿದ್ದರೆ ಅಲ್ಲಿ ಹಿಂದೆ ಬೆತ್ತದ ಹೆಣಿಗೆಯಿತ್ತೆಂದು ಊಹಿಸಬಹುದು. ಬೆತ್ತದ ಪೀಠಗಳು ಬ್ರಿಟಿಷರ ಕಾಲದಲ್ಲಿ ವಿಶೇಷವಾಗಿ ಬಳಕೆಗೆ ಬಂದವು. ಸಣ್ಣ ತೂತುಗಳಿಂದ ಹೊಸ ಹಿಟ್ಟು ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆಯೆಂದರ್ಥ. ಅಂಥದನ್ನು ಉಪಚರಿಸದೆ ಮನೆಯೊಳಗೆ ತರಲಾಗದು.

ಕೊಂಡ ಮೇಲೆಯೂ ಸಂಯಮ ಬೇಕು. ಹಳೆಯ ಹೊಳಪನ್ನು ಉಜ್ಜಿ ತೆಗೆದರೆ ಬಳಕೆಯ ಸಾಕ್ಷ್ಯವೆಲ್ಲ ಅಳಿಯುತ್ತದೆ. ಮುರಿದ ಕಾಲಿಗೆ ಹೊಸ ಮರ ಸೇರಿಸುವುದು ತಪ್ಪಲ್ಲ. ಸೇರಿಸಿದ್ದನ್ನು ಮರೆಮಾಚುವುದು ತಪ್ಪು. 1972ರ ಪುರಾತನ ವಸ್ತುಗಳ ಕಾಯಿದೆಯು ನೂರು ವರ್ಷ ದಾಟಿದ, ಐತಿಹಾಸಿಕ ಆಸಕ್ತಿಯುಳ್ಳ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಮುಧೋಳ ಅರಮನೆಯ ದರ್ಬಾರ್ ಸಭಾಂಗಣವು ಇಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿದೆ. ತನ್ನ ನೆಲದಿಂದ ಬಹುದೂರ ಹೋಗಿಯೂ ಅದು ಮುಧೋಳದ್ದೆಂದೇ ಗುರುತಿಸಲ್ಪಡುತ್ತಿದೆ. ಏಕೆಂದರೆ ಅದರ ಹೆಸರೂ ಜೊತೆಗೆ ಹೋಯಿತು. ಸಾಮಾನ್ಯರ ಮಂಚಕ್ಕೂ ಇಷ್ಟು ಸಲ್ಲಬೇಕು. ಕೊಳ್ಳುವವನು ಮಾರುವವನಿಂದ ಊರು, ಓಣಿ, ಮನೆ ಬಿಚ್ಚಿದ ವರ್ಷ, ಮನೆಯಲ್ಲಿ ಮಂಚವಿದ್ದ ಸ್ಥಳ, ಅದರ ಮೇಲೆ ಯಾರು ಕುಳಿತುಕೊಳ್ಳುತ್ತಿದ್ದರು, ಯಾರು ಕುಳಿತುಕೊಳ್ಳುವಂತಿರಲಿಲ್ಲ ಎಂಬುದನ್ನು ಕೇಳಿ ಬರೆದಿಡಲಿ. ಕೊನೆಯ ಪ್ರಶ್ನೆಯೇ ಬಹುಶಃ ಅತ್ಯಂತ ಮುಖ್ಯವಾದುದು; ಪಡಸಾಲೆಯ ಮಂಚವು ಜಾತಿ, ಲಿಂಗ, ವಯಸ್ಸುಗಳ ಮರ್ಯಾದೆಯನ್ನು ದಿನವೂ ಅಳೆಯುತ್ತಿದ್ದ ಪೀಠವಾಗಿತ್ತು. ಹಳೆಯ ಓಣಿಗಳಲ್ಲಿ ಬಾಳಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ಒಂದೊಂದು ಮನೆಯ ಒಂದೊಂದು ಉಪಕರಣದ ವೃತ್ತಾಂತವನ್ನು ಬರೆದು ತಂದರೂ, ಯಾವ ದಫ್ತರದಲ್ಲಿಯೂ ದೊರೆಯದ ಬಾಗಲಕೋಟೆಯ ಗೃಹಜೀವನದ ಇತಿಹಾಸಕ್ಕೆ ಭದ್ರವಾದ ತಳಹದಿ ದೊರೆತೀತು.