ವರ್ತಕನೆಂಬ ಹಣೆಪಟ್ಟಿ

ಊರು ಬಿಟ್ಟು ಹೋದವನಿಗೆ ಮೊದಲ ತುತ್ತೂ ಮೊದಲ ಕೆಲಸವೂ ಹೋಟೆಲಿನಲ್ಲಿಯೇ ದೊರೆಯುತ್ತದೆಂಬುದು ಹೊರನಾಡ ಕನ್ನಡಿಗರಿಗೆ ಹೊಸ ಮಾತಲ್ಲ. ಮುಂಬಯಿಯ ಉಡುಪಿ ಹೋಟೆಲಿಗೆ ಊರಿನಿಂದ ಹುಡುಗರನ್ನು ಕರೆತರಲು ಯಾವ ವಲಸೆ ಅಧಿಕಾರಿಯ ಅಪ್ಪಣೆಯೂ ಬೇಕಿರಲಿಲ್ಲ. ನೆಂಟಸ್ತಿಕೆ, ಪರಿಚಯಗಳೇ ಸಾಕಾಗಿದ್ದವು. ಹೋಟೆಲಿಗೂ ಕೆಲಸಗಾರನಿಗೂ ನಡುವೆ ಕಾನೂನು ಬಂದು ನಿಂತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಚೀನೀ ಹೋಟೆಲುಗಳ ಇತಿಹಾಸವನ್ನು ನೋಡಬೇಕು.

ಕ್ಯಾಲಿಫೋರ್ನಿಯಾದ ಗಣಿಗಳಲ್ಲಿಯೂ ರೈಲುಮಾರ್ಗಗಳಲ್ಲಿಯೂ ದುಡಿದ ಚೀನೀಯರ ಮೇಲೆ, 1870ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬಿಳಿಯ ಕಾರ್ಮಿಕರ ರೋಷ ತಿರುಗಿತು. ಅದರ ಫಲವೇ 1882ರ ಚೀನೀ ಬಹಿಷ್ಕಾರ ಕಾಯಿದೆ. ಅದು ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿತು. ವರ್ತಕರು, ವಿದ್ಯಾರ್ಥಿಗಳು, ಅಧ್ಯಾಪಕರು ಮೊದಲಾದವರಿಗೆ ಮಾತ್ರ ವಿನಾಯಿತಿ ಕೊಟ್ಟಿತು. ವರ್ತಕನೆಂದರೆ ಯಾರು? 1893ರ ತಿದ್ದುಪಡಿಯ ಪ್ರಕಾರ, ನಿಶ್ಚಿತ ಸ್ಥಳದಲ್ಲಿ ಸರಕನ್ನು ಕೊಂಡು ಮಾರುವವನು, ವ್ಯಾಪಾರಕ್ಕೆ ಅವಶ್ಯವಾದುದರ ಹೊರತು ಮೈಮುರಿದು ದುಡಿಯದವನು. ಸ್ವದೇಶಕ್ಕೆ ಹೋಗಿ ಮರಳುವಾಗ ಚೀನೀಯರಲ್ಲದ ಇಬ್ಬರು ಅವನ ಪರವಾಗಿ ಸಾಕ್ಷ್ಯ ನುಡಿಯಬೇಕಿತ್ತು. ಬಟ್ಟೆ ಒಗೆಯುವವರನ್ನು ಅದೇ ತಿದ್ದುಪಡಿ ಕಾರ್ಮಿಕರ ಪಟ್ಟಿಗೆ ಸೇರಿಸಿತು. ಹೋಟೆಲಿನವರಿಗೂ ವರ್ತಕರ ಸ್ಥಾನ ಸಿಕ್ಕಿರಲಿಲ್ಲ.

1915ರಲ್ಲಿ ಫೆಡರಲ್ ನ್ಯಾಯಾಲಯವೊಂದರ ತೀರ್ಪು ಹೋಟೆಲಿನ ಒಡೆಯನನ್ನೂ ವರ್ತಕರ ಸಾಲಿಗೆ ಸೇರಿಸಿತು. ಇದರಿಂದ ತಾಯ್ನಾಡಿಗೆ ಹೋಗಿ ಬರುವ, ಬಂಧುಗಳನ್ನು ಕರೆಸಿಕೊಳ್ಳುವ ದಾರಿ ತೆರೆಯಿತು. ಆದರೆ ವಲಸೆ ಅಧಿಕಾರಿಗಳು ಕಟ್ಟುಪಾಡುಗಳನ್ನು ಹಾಕಿದರು: ಹೋಟೆಲು ಉನ್ನತ ದರ್ಜೆಯದಾಗಿರಬೇಕು, ಒಡೆಯನು ಕನಿಷ್ಠ ಒಂದು ವರ್ಷ ಪೂರ್ಣಾವಧಿ ಆಡಳಿತ ನೋಡಿಕೊಳ್ಳಬೇಕು, ಆ ಅವಧಿಯಲ್ಲಿ ಬಡಿಸುವ, ಗಲ್ಲಾಪೆಟ್ಟಿಗೆಯಲ್ಲಿ ಕೂರುವ ಕೆಲಸಗಳನ್ನೂ ಮಾಡಕೂಡದು. ಬಾಣಲೆಯ ಮುಂದೆ ಬದುಕು ಸವೆಸಿದವನು ವರ್ತಕನೆನಿಸಿಕೊಳ್ಳಲು ಆ ವರ್ಷ ಒಲೆಯಿಂದ ಕೈ ದೂರವಿಡಬೇಕಾಯಿತು.

ಚೀನೀಯರು ಈ ನಿಯಮದೊಳಗೇ ತಮ್ಮ ವ್ಯವಸ್ಥೆ ಕಟ್ಟಿಕೊಂಡರು. ಹಲವರು ಉಳಿತಾಯವನ್ನು ಒಟ್ಟುಗೂಡಿಸಿ ಪಾಲುದಾರಿಕೆಯಲ್ಲಿ ದೊಡ್ಡ ಹೋಟೆಲು ತೆರೆದರು. ಒಂದು, ಒಂದೂವರೆ ವರ್ಷಕ್ಕೊಮ್ಮೆ ಸರದಿಯಂತೆ ಒಬ್ಬೊಬ್ಬ ಪಾಲುದಾರ ಆಡಳಿತದ ಕುರ್ಚಿಯೇರಿ ವರ್ತಕನ ಸ್ಥಾನ ಗಳಿಸಿದ. ಕರೆಸಿಕೊಂಡ ಬಂಧುಗಳು ಹೋಟೆಲಿನ ಕೆಲಸಕ್ಕೆ ಸೇರಿದರು. ಇತಿಹಾಸಕಾರ್ತಿ ಹೆದರ್ ಲೀ ಅವರ ಸಂಶೋಧನೆಯಂತೆ, 1910ರಿಂದ 1920ರ ನಡುವೆ ನ್ಯೂಯಾರ್ಕಿನ ಚೀನೀ ಹೋಟೆಲುಗಳ ಸಂಖ್ಯೆ ನಾಲ್ಕು ಪಟ್ಟಾಯಿತು. ಚಾಪ್ ಸೂಯಿಯ ರುಚಿ ಅಮೆರಿಕನ್ನರಿಗೆ ಹಿಡಿಸಿದ್ದು ನಿಜ. ಆದರೆ ಈ ಬೆಳವಣಿಗೆಗೆ ನಾಲಗೆಯಷ್ಟೇ ಕಾನೂನೂ ಕಾರಣವಾಗಿತ್ತು.

1943ರಲ್ಲಿ, ಯುದ್ಧಕಾಲದ ಮಿತ್ರನಾದ ಚೀನಾದ ಸಲುವಾಗಿ, ಬಹಿಷ್ಕಾರ ರದ್ದಾಯಿತು. ಆದರೂ ವರ್ಷಕ್ಕೆ 105 ಜನರಿಗಷ್ಟೇ ಪ್ರವೇಶ. 1965ರ ಕಾಯಿದೆ ಮೂಲದೇಶವಾರು ಪಾಲನ್ನು ಕೈಬಿಟ್ಟ ಮೇಲೆ ಬಗೆಬಗೆಯ ಪ್ರಾಂತಗಳ ಪಾಕತಜ್ಞರು ಬಂದರು. ಸಿಚುವಾನ್, ಹುನಾನ್ ಅಡುಗೆಗಳು ಊಟದ ಪಟ್ಟಿಗೇರಿದವು.

ವಲಸೆ ಕಾನೂನು ಗಡಿಯಲ್ಲಿ ಜನರನ್ನು ಎಣಿಸಿ ಸುಮ್ಮನಾಗುವುದಿಲ್ಲ. ಯಾರು ಒಡೆಯ, ಯಾರು ಆಳು, ಯಾರ ಕೈಗೆ ಸೌಟು ಎಂಬುದನ್ನೂ ಅದೇ ತೀರ್ಮಾನಿಸುತ್ತದೆ. ದುಡಿಮೆಗಾರನನ್ನು ಹೊರಗಿಡಲು ಹೊರಟ ಕಾಯಿದೆಯೊಂದು, ದುಡಿಮೆಯನ್ನು ಮರೆಮಾಚಿದವನಿಗೆ ಮಾತ್ರ ಮರ್ಯಾದೆ ಕೊಟ್ಟಿತು. ಹೋಟೆಲಿನ ಅನ್ನ ಉಂಡು ಬೆಳೆದ ನಾವು ನೆನಪಿಡಬೇಕಾದ ಅನ್ಯಾಯ ಅದು.