ಅಂಚಿಗೆ ಹೆಸರಿಟ್ಟವರು

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವ ಪೋಷಕ ಬಂಧುಗಳೇ, ಗಣಿತವನ್ನೂ ಕನ್ನಡದಲ್ಲೇ ಕಲಿತರೆ ಮುಂದೇನು ಗತಿ ಎಂಬ ಪ್ರಶ್ನೆ ನಮ್ಮನ್ನು ಕಾಡುತ್ತಲೇ ಇರುತ್ತದೆ. ಪಿರಮಿಡ್ಡಿನ ಮುಖ, ಅಂಚು, ಶೃಂಗಗಳನ್ನು ಎಣಿಸುವ ಪಾಠದ ಇತಿಹಾಸವನ್ನು ಇಲ್ಲಿ ನೆನೆಯಬಹುದು.

ಸುಮಾರು ಕ್ರಿ.ಶ. 499ರಲ್ಲಿ ಆರ್ಯಭಟನು ತ್ರಿಕೋನ ಪಾದದ ಪಿರಮಿಡ್ಡನ್ನು ‘ಷಡಶ್ರಿ’ ಎಂದನು. ಅಶ್ರಿ ಎಂದರೆ ಅಂಚು, ಆರು ಅಂಚುಗಳುಳ್ಳದ್ದು. ಎಣಿಕೆಯೇ ಹೆಸರಾಯಿತು! (ಅದರ ಘನಫಲಕ್ಕೆ ಅವನಿತ್ತ ಸೂತ್ರ ಮಾತ್ರ ಸರಿಯಲ್ಲ, 628ರಲ್ಲಿ ಬ್ರಹ್ಮಗುಪ್ತನು ಸರಿಯಾದ ನಿಯಮವನ್ನು ಕೊಟ್ಟನು.)

ಯುರೋಪಿನ ಕಥೆ ಬೇರೆ. 1750ರ ನವೆಂಬರಿನಲ್ಲಿ ಬರ್ಲಿನ್ನಿನಿಂದ ಗೋಲ್ಡ್‌ಬಾಖನಿಗೆ ಪತ್ರ ಬರೆದ ಆಯ್ಲರನಿಗೆ ಅಂಚನ್ನು ಹೇಳಲು ರೂಢಿಯ ಪದವೇ ಸಿಗಲಿಲ್ಲ. ಕತ್ತಿಯ ಅಲಗನ್ನು ಸೂಚಿಸುವ ಲ್ಯಾಟಿನ್ ಪದವೊಂದನ್ನು ಅವನು ಅದಕ್ಕಾಗಿ ಎತ್ತಿಕೊಂಡನು. ಅದೇ ಪತ್ರದಲ್ಲಿದೆ ಅವನ ಪ್ರಸಿದ್ಧ ನಿಯಮ: ಮುಖಗಳೂ ಶೃಂಗಗಳೂ ಸೇರಿದರೆ ಅಂಚುಗಳಿಗಿಂತ ಎರಡು ಹೆಚ್ಚು. ಚೌಕ ಪಾದದ ಪಿರಮಿಡ್ಡಿಗೆ 5 ಮುಖ, 5 ಶೃಂಗ, 8 ಅಂಚು. ಪಾದದ ಬಾಹುಗಳೆಷ್ಟೋ ಅದರ ಇಮ್ಮಡಿ ಅಂಚುಗಳು. ಮುಖವೂ ಶೃಂಗವೂ ಬಾಹುಗಳಿಗಿಂತ ಒಂದೊಂದು ಹೆಚ್ಚು.

ಆಯ್ಲರನು ಹುಡುಕಬೇಕಾಗಿ ಬಂದ ಪದ ನಮ್ಮ ಮಕ್ಕಳಿಗೆ ಅಜ್ಜಿಯ ಸೀರೆಯಂಚಿನಲ್ಲೇ ದೊರೆತಿದೆ. ‘ಶೃಂಗ’ ಕಠಿಣವೆಂಬುದು ನಿಜ. ಮೊದಲು ‘ಮೂಲೆ’ ಎಂದೇ ಹೇಳಿಕೊಟ್ಟರೆ ತಪ್ಪೇನೂ ಇಲ್ಲ. ಎಂಟು ಪೊರಕೆಕಡ್ಡಿ, ಐದು ಹಿಟ್ಟಿನುಂಡೆಗಳನ್ನು ಕೊಟ್ಟು ಚೌಕ ಪಿರಮಿಡ್ಡನ್ನು ಕಟ್ಟಿಸಿರಿ. ಬಳಿಕ, ಆರು ಬಾಹುಗಳ ಪಾದಕ್ಕೆ ಎಷ್ಟು ಕಡ್ಡಿ ಬೇಕೆಂದು ಕಟ್ಟುವ ಮುನ್ನವೇ ಕೇಳಿರಿ.