ಚಿಂಚೋಳಿಯ ಮುಖ್ಯಮಂತ್ರಿ ಮತ್ತು ಏಳು ದಿನಗಳ ಸಾಕ್ಷ್ಯ

‘ವೀರೇಂದ್ರ ಪಾಟೀಲರನ್ನ ಏರ್‌ಪೋರ್ಟ್‌ನ್ಯಾಗ ತೆಗದ್ರು.’ ಸೇಡಂನ ಚಹಾದಂಗಡಿಯಲ್ಲಾಗಲಿ, ಶಹಾಬಾದ್ ಹಾಸುಗಲ್ಲಿನ ಕಟ್ಟೆಯ ಮೇಲಾಗಲಿ ಹಿರಿಯರು ರಾಜಕೀಯ ತೆಗೆದರೆ ಈ ಮಾತು ಬಂದೇ ಬರುತ್ತದೆ. ಅದರಲ್ಲಿ ಈ ಸೀಮೆಯ ನೋವಿದೆ. ಅದಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ಅದೇ ಮಾತನ್ನು ಇತಿಹಾಸವೆಂದು ಬರೆದಿಟ್ಟವರ ಮೇಲೆ. ‘ಪಕ್ಷದ ಅಧ್ಯಕ್ಷರು ಮುಖ್ಯಮಂತ್ರಿಯನ್ನು ವಜಾ ಮಾಡಿದರು’ ಎಂಬ ವಾಕ್ಯ ಲೇಖನದಿಂದ ಲೇಖನಕ್ಕೆ ನಕಲಾಗುತ್ತಲೇ ಬಂದಿದೆ. ಅದು ತಪ್ಪು.

1990ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾವಣೆಯನ್ನು ಪ್ರಕಟಿಸಿದ್ದು ನಿಜ. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಪಾಟೀಲರು ಆಗ ಅನಾರೋಗ್ಯದಲ್ಲಿದ್ದದ್ದೂ, ಚನ್ನಪಟ್ಟಣ, ರಾಮನಗರಗಳಲ್ಲಿ ಗಲಭೆಗಳಾಗಿದ್ದದ್ದೂ ನಿಜ. ಆದರೆ ಆ ಪ್ರಕಟಣೆಯಿಂದ ಸರ್ಕಾರ ಬೀಳಲಿಲ್ಲ. ಪಾಟೀಲರು ರಾಜೀನಾಮೆ ಕೊಡಲು ಒಪ್ಪಲಿಲ್ಲ. ಅಕ್ಟೋಬರ್ 10ರಂದು ರಾಷ್ಟ್ರಪತಿ ಆಳ್ವಿಕೆ ಬಂತು, 17ರಂದು ಎಸ್. ಬಂಗಾರಪ್ಪ ಪ್ರಮಾಣವಚನ ಸ್ವೀಕರಿಸಿದರು.

ಈ ಏಳು ದಿನಗಳನ್ನು ಅಡಿಟಿಪ್ಪಣಿಗೆ ತಳ್ಳಿದ್ದರಿಂದಲೇ ಎಡವಟ್ಟಾಗಿದೆ. ವಿಮಾನ ನಿಲ್ದಾಣದ ಮಾತೇ ವಜಾ ಆಗಿದ್ದರೆ ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯನ್ನು ಹೊರತೆಗೆಯುವ ಅಗತ್ಯವೇನಿತ್ತು? ಸಂಸದೀಯ ಪದ್ಧತಿಯಲ್ಲಿ ಮುಖ್ಯಮಂತ್ರಿ ಇಳಿಯುವ ನೇರ ದಾರಿಗಳು ಎರಡು: ಸ್ವತಃ ರಾಜೀನಾಮೆ, ಇಲ್ಲವೇ ಸದನದಲ್ಲಿ ಸೋಲು. 164ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಹೊಣೆಯಾಗಿರುವುದು ವಿಧಾನಸಭೆಗೆ, ಪಕ್ಷದ ಕಚೇರಿಗಲ್ಲ. ಪಾಟೀಲರು ಮೊದಲ ದಾರಿ ಹಿಡಿಯಲಿಲ್ಲ, ಎರಡನೆಯದನ್ನು ಯಾರೂ ತೆರೆಯಲಿಲ್ಲ. 1989ರ ಚುನಾವಣೆಯಲ್ಲಿ 224ರಲ್ಲಿ 178 ಸ್ಥಾನ ಗೆದ್ದ ಪಕ್ಷದ ಸರ್ಕಾರ, ಒಂದು ಮತವನ್ನೂ ಎಣಿಸದೆ ಹೋಯಿತು. ರಾಷ್ಟ್ರಪತಿ ಆಳ್ವಿಕೆಗೆ ಸಲಹೆ ಕೊಟ್ಟದ್ದು ಕಾಂಗ್ರೆಸ್ಸಿನ ಎದುರಾಳಿ ವಿ.ಪಿ. ಸಿಂಗ್ ಅವರ ಕೇಂದ್ರ ಸರ್ಕಾರ. ‘ಹೈಕಮಾಂಡ್’ ಎಂಬ ಒಂದೇ ಪದದಿಂದ ಎಲ್ಲವನ್ನೂ ವಿವರಿಸುವವರು ಈ ಸಂಗತಿಗೆ ಉತ್ತರ ಕೊಡಬೇಕು.

ಹೋಲಿಕೆಗೆ ದೂರದ ಕಾಲಕ್ಕೆ ಹೋಗಬೇಕಿಲ್ಲ. ಮರುತಿಂಗಳೇ, ನವೆಂಬರ್ 20ರಂದು, ಲಂಡನ್ನಿನಲ್ಲಿ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ನಾಯಕತ್ವದ ಬಗ್ಗೆ ಅವರದೇ ಪಕ್ಷದ ಸಂಸದರು ಮತ ಹಾಕಿದರು. 204–152 ಮತಗಳಿಂದ ಮುಂದಿದ್ದರೂ ಮೊದಲ ಸುತ್ತಿನ ಗೆಲುವಿಗೆ ಬೇಕಾದಷ್ಟು ಅಂತರ ಸಿಗಲಿಲ್ಲ. ಎರಡು ದಿನದಲ್ಲಿ ಅವರು ನಿರ್ಗಮನ ಪ್ರಕಟಿಸಿದರು. ಅಲ್ಲಿಯೂ ಪ್ರಧಾನಿಯನ್ನು ಇಳಿಸಿದ್ದು ಸ್ವಪಕ್ಷವೇ, ಆದರೆ ತಲೆ ಎಣಿಸಿ.

ಪಾಟೀಲರ ಮೊದಲ ಅವಧಿಯನ್ನು 1990ರ ಪಕ್ಕಕ್ಕಿಟ್ಟರೆ ವ್ಯತ್ಯಾಸ ನಿಚ್ಚಳವಾಗುತ್ತದೆ. 1968ರಲ್ಲಿ ಅಧಿಕಾರಕ್ಕೆ ಬಂದ ಅವರು ಪಕ್ಷ ಒಡೆದಾಗ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಾಲಾದವು. ಶಾಸಕರು ಪಕ್ಷಾಂತರ ಮಾಡಿದರು, ಪಾಟೀಲರು ರಾಜೀನಾಮೆ ಕೊಟ್ಟರು. ಆಗಲೂ ರಾಷ್ಟ್ರಪತಿ ಆಳ್ವಿಕೆ ಬಂತು. 1971ರಲ್ಲಿ ಬಹುಮತ ಕರಗಿ ಸರ್ಕಾರ ಹೋಯಿತು. 1990ರಲ್ಲಿ ಪಕ್ಷದ ಬಹುಮತ ಇದ್ದಹಾಗೇ ಇದ್ದು ಸರ್ಕಾರ ಹೋಯಿತು. ಎರಡನ್ನೂ ‘ದೆಹಲಿಯ ಕೈವಾಡ’ ಎಂದು ಒಂದೇ ಗಂಟು ಕಟ್ಟುವುದು ಸಂಶೋಧನೆಯಲ್ಲ.

ಎಸ್.ಆರ್. ಬೊಮ್ಮಾಯಿ ಪ್ರಕರಣದ ಅಭ್ಯಾಸಿಗಳೂ ಇಲ್ಲಿ ಹೊಣೆಗಾರರು. (ಆ ತೀರ್ಪಿನ ಹಿರಿಮೆಯನ್ನು ಈ ಬರಹ ಅಲ್ಲಗಳೆಯುವುದಿಲ್ಲ.) 1989ರ ಏಪ್ರಿಲ್ 21ರಂದು ವಜಾ ಆದ ಕರ್ನಾಟಕದ ಬೊಮ್ಮಾಯಿ ಸರ್ಕಾರದ ವ್ಯಾಜ್ಯದಲ್ಲಿ, ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದು ಸುಪ್ರೀಂ ಕೋರ್ಟ್ 1994ರ ಮಾರ್ಚ್ 11ರಂದು ಹೇಳಿತು. ವಜಾಕ್ಕೂ ತೀರ್ಪಿಗೂ ನಡುವೆ, ಅದೇ ವಿಧಾನಸೌಧದಲ್ಲಿ, ಅದೇ ಪರೀಕ್ಷೆ ಇನ್ನೊಮ್ಮೆ ತಪ್ಪಿಹೋಗಿತ್ತು. ತೀರ್ಪು ಪರಿಶೀಲಿಸಿದ ಪ್ರಕರಣಗಳಲ್ಲಿ ಅಕ್ಟೋಬರ್ 1990 ಇಲ್ಲದಿರುವುದರಿಂದ ವ್ಯಾಖ್ಯಾನಕಾರರೂ ಅದನ್ನು ದಾಟಿಹೋದರು.

1990ರಲ್ಲಿ ಸದನವಂತೂ ವಿಸರ್ಜನೆಯಾಗಲಿಲ್ಲ. ಬಂಗಾರಪ್ಪ, 1992ರ ನವೆಂಬರ್‌ನಿಂದ ವೀರಪ್ಪ ಮೊಯ್ಲಿ ಇಬ್ಬರೂ ಆಳಿದ್ದು ಪಾಟೀಲರನ್ನು ಮುಖ್ಯಮಂತ್ರಿ ಮಾಡಿದ್ದ ಅದೇ ವಿಧಾನಸಭೆಯ ಬಲದ ಮೇಲೆ. ಚಿಂಚೋಳಿಯ ಈ ನಾಯಕನ ಬಗ್ಗೆ ಇನ್ನು ಮುಂದೆ ಬರೆಯುವವರು ವಿಮಾನ ನಿಲ್ದಾಣದ ಜೊತೆಗೆ ಅಕ್ಟೋಬರ್ 10 ಮತ್ತು 17, ಈ ಎರಡು ತಾರೀಖುಗಳನ್ನೂ ನಮೂದಿಸಬೇಕು.